ಅವ್ವನ ಊಟ, ಅಪ್ಪನ ವಾಚು

ಮುಳುಗಿದ ಸೂರ್ಯ ಮತ್ತೆ ಹೊರಗೆ ಬಂದದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಇಚಲಕರಂಜಿಯಲ್ಲಿ, ನಮ್ಮ ಮನೆಯ ಅಂಗಳದಲ್ಲೇ, ಈ ಮಳೆಗಾಲದ ಒಂದು ರವಿವಾರ.

ನಾವು ಜೈನರು. ಅವ್ವನದು ಭಾರಿ ಕಟ್ಟುನಿಟ್ಟು. ಸೂರ್ಯ ಮುಳುಗಿದ ಮೇಲೆ ಒಂದು ಅಗುಳೂ ಮುಟ್ಟಳು. ಬೇಸಿಗೆಯಲ್ಲಿ ಆಕಾಶ ನೋಡಿದರೆ ಸಾಕು. ಮಳೆಗಾಲದಲ್ಲಿ ಸೂರ್ಯ ಎಲ್ಲಿದ್ದಾನೆಂದು ಯಾರಿಗೆ ಗೊತ್ತು? ಸಂಜೆ ಊರಿನ ವಿದ್ಯುತ್ ಮಗ್ಗಗಳ ಲೋಡಿಗೆ ಕರೆಂಟು ಕೈಕೊಟ್ಟರೆ ರೇಡಿಯೋನೂ ಮೂಕ. ಅದಕ್ಕೇ ತೀರಿಹೋದ ಅಪ್ಪನ ಕೈಗಡಿಯಾರವನ್ನು ಟ್ರಂಕಿನಿಂದ ತೆಗೆದು, ಕೊಲ್ಲಾಪುರದಲ್ಲಿ ರಿಪೇರಿ ಮಾಡಿಸಿ ತಂದೆ. ಹದಿನೇಳು ಜ್ಯುವೆಲ್ಲಿನದು, ಅಂದರೆ ಒಳಗೆ ಹದಿನೇಳು ಹರಳು, ಸುಮ್ಮನೇ ಅಲ್ಲ. ಅವ್ವ ಅದನ್ನು ಕಣ್ಣಿಗೊತ್ತಿಕೊಂಡಳು. ಪಂಚಾಂಗದ ಸೂರ್ಯಾಸ್ತದ ಹೊತ್ತನ್ನು ಅಂದಿನಿಂದ ಅದರ ಮುಳ್ಳಿನಲ್ಲೇ ನೋಡತೊಡಗಿದಳು.

ಆದರೆ ವಾಚು ಮುಂದೆ ಮುಂದೆ ಓಡತೊಡಗಿತು. ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ಮುಳ್ಳು ಸರಿ ಮಾಡುತ್ತಿದ್ದೆ. ಮರುದಿನ ನೋಡಿದರೆ ಮತ್ತೆ ಮುಂದೆ. ಕೊಲ್ಲಾಪುರಕ್ಕೆ ಒಯ್ದೆ. ರಿಪೇರಿಯವರು ಒಳಗಿನ ಲಿವರನ್ನು ನಿಧಾನದ ಕಡೆ ಸರಿಸಿ ಕೊಟ್ಟರು. ನಾಲ್ಕು ದಿನ ಶಾಂತ, ಆಮೇಲೆ ಮತ್ತದೇ ರಾಗ. ಇರಲಿ, ವಾಚು ಹಿಂದೆ ಬಿದ್ದು ಅವ್ವನ ವ್ರತ ಕೆಡುವುದಕ್ಕಿಂತ ಫಾಸ್ಟ್ ಇದ್ದರೇ ಒಳ್ಳೆಯದು ಅಂದುಕೊಂಡೆ. (ನಾನು ಅಂಗಡಿ ಮುಚ್ಚಿ ಬರುವುದು ಕತ್ತಲಾದ ಮೇಲೆ. ಸಂಜೆ ಮನೆಯಲ್ಲಿ ಏನು ನಡೆಯುತ್ತದೋ ನನಗೇನು ಗೊತ್ತು?)

ಅಷ್ಟರಲ್ಲಿ ಗಡಹಿಂಗ್ಲಜದಿಂದ ಅಕ್ಕ ಬಂದಳು. ಅವ್ವನ ಜಂಪರು ಹೆಗಲಿನಿಂದ ಜಾರುವುದನ್ನು ನೋಡಿ, ಯಾಕೆ ಇಷ್ಟು ಸೊರಗಿದ್ದಾಳೆ ಎಂದು ಕೇಳಿದಳು. ಸೊಸೆ ಸರಿಯಾಗಿ ಊಟಕ್ಕೆ ಹಾಕುವುದಿಲ್ಲವಂತೆ ಎಂದು ನೆಂಟರಲ್ಲೆಲ್ಲ ಮಾತಾಯಿತು. ಹೆಂಡತಿ ಅಡುಗೆಮನೆಯಲ್ಲಿ ಅತ್ತಳು. ಪಾಪ, ಎಷ್ಟು ಬೇಗ ರೊಟ್ಟಿ ಬಡಿದರೂ ಆ ಮುಳ್ಳು ಅವಳಿಗಿಂತ ಮುಂದೆ.

ಆ ರವಿವಾರ ನಾನು ಮನೆಯಲ್ಲಿದ್ದೆ. ತಾಟು ಬಡಿಸುವಷ್ಟರಲ್ಲಿ ಅವ್ವ ವಾಚು ನೋಡಿದಳು. ಹೊತ್ತು ಮುಳುಗಿತು ಎಂದು ಬಾಯಿ ಮುಕ್ಕಳಿಸಿ ಕೂತಳು. ಆಗಲೇ ಮೋಡ ಸರಿದು ಅಂಗಳದ ತುಂಬ ಬಿಸಿಲು ಬಿತ್ತು.

"ಅವ್ವಾ, ಸೂರ್ಯ ಇನ್ನಾ ಅದಾನ. ಉಣ್ಣ ಬಾ," ಅಂದೆ.

"ಅಂವ ಇವತ್ತ ತಡಾ ಮಾಡ್ಯಾನ. ನಿಮ್ಮಪ್ಪನ ಗಡ್ಯಾಳ ತಡಾ ಮಾಡೂದಿಲ್ಲ," ಅಂದಳು.

ಉಣ್ಣಲಿಲ್ಲ. ಪ್ರೀತಿಯಿಂದ ತಂದುಕೊಟ್ಟ ವಾಚು ಅವ್ವನನ್ನು ಉಪವಾಸ ಕೆಡವುತ್ತಿತ್ತು.

ಮರುದಿನವೇ ಕೊಲ್ಲಾಪುರದ ಬಸ್ಸು ಹತ್ತಿದೆ. ರಿಪೇರಿಯವರು ಎಣ್ಣೆ ನೋಡಿದರು, ಚಕ್ರ ನೋಡಿದರು, ತಲೆ ಕೆರೆದುಕೊಂಡರು. ಕೊನೆಗೆ, "ರಾತ್ರೀ ಘಡ್ಯಾಳ ಕುಠೆ ಠೇವತಾ?" ಅಂದರು.

ರಾತ್ರಿ ಎಲ್ಲಿಡುತ್ತೇವೆ? ಮತ್ತೆಲ್ಲಿ, ರೇಡಿಯೋ ಮೇಲೆ! ಬೆಳಿಗ್ಗೆ ಟೈಮ್ ಹಚ್ಚಲು ಅನುಕೂಲವಲ್ಲವೇ?

ಅವರು ಹಣೆ ಬಡಿದುಕೊಂಡು ನಕ್ಕರು. ರೇಡಿಯೋದ ಸ್ಪೀಕರಿನಲ್ಲಿ ದೊಡ್ಡ ಅಯಸ್ಕಾಂತ ಇರುತ್ತದಂತೆ. ಅದರ ಗುಣ ವಾಚಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಹತ್ತಿದರೆ ಸುರುಳಿಗಳು ಒಂದಕ್ಕೊಂದು ಅಂಟಿ, ವಾಚು ಓಟ ಕೀಳುತ್ತದಂತೆ. ಸರಿಯಾದ ಟೈಮಿಗೆಂದು ಇಟ್ಟ ಜಾಗವೇ ಟೈಮು ಕೆಡಿಸಿತ್ತು. ಅವರು ಕರೆಂಟಿನ ಒಂದು ಸುರುಳಿಯೊಳಗೆ ವಾಚು ಹಾಯಿಸಿ ಆ ಗುಣ ಇಳಿಸಿದರು. ತಾವೇ ಸರಿಸಿದ್ದ ಲಿವರನ್ನು ಮೊದಲಿನ ಜಾಗಕ್ಕೆ ತಂದರು.

ಈಗ ವಾಚು ಅಡುಗೆಮನೆಯ ಗೂಟಕ್ಕೆ ತೂಗುತ್ತದೆ. ಮೊನ್ನೆ ನಾನೂ ಅಂಗಡಿ ಬೇಗ ಮುಚ್ಚಿ ಬಂದೆ. ಹೊರಗೆ ದಟ್ಟ ಮೋಡ. ಅವ್ವ ಮುಳ್ಳು ನೋಡಿದಳು, ಇನ್ನೂ ಹೊತ್ತಿತ್ತು. ನಿರಾಳವಾಗಿ ರೊಟ್ಟಿ ಮುರಿದಳು. ಹೆಂಡತಿ ಎರಡನೆಯದನ್ನು ಕೇಳದೆಯೇ ಹಾಕಿದಳು.

ಉಣ್ಣುತ್ತ ಅವ್ವ ಅಂದಳು: "ನಿಮ್ಮಪ್ಪಾರು ಇದ್ದಾಗ ಒಂದ ದಿವಸನೂ ನನಗ ಉಣ್ಣ ಅಂದವರಲ್ಲ. ಅವರು ಅಂಗಡಿ ಮುಚ್ಚಿ ಬಂದು ಉಣ್ಣೂತನಕಾ ನಾ ಕಾಯಬೇಕು, ಅಷ್ಟರಾಗ ಹೊತ್ತ ಮುಳಗತಿತ್ತು. ಹಂಗ ಮಲಗತಿದ್ದೆ. ಈಗ ನೋಡ, ಗಡ್ಯಾಳದಾಗ ಕುಂತು ದಿನಾ ಹೇಳತಾರ."

ನಾನು ಉಂಡೇಳಲೆಂದು ಹೆಂಡತಿಯ ತಾಟು ಇನ್ನೂ ಬೋರಲಾಗಿತ್ತು. ಅವಳು ನನ್ನ ಕಡೆ ನೋಡಲಿಲ್ಲ.

'ಉಣ್ಣು' ಎಂಬ ಒಂದು ಮಾತು ಹೇಳಲು ಗಂಡನಾದವನು ಹದಿನೇಳು ಜ್ಯುವೆಲ್ಲಿನ ವಾಚಾಗಿ ಹುಟ್ಟಿ ಬರಬೇಕೇನ್ರೀ?