ಪಿಳ್ಳಪ್ಪನ ಕಿವಿ, ಗಂಗಣ್ಣನ ಬುಲೆಟ್ಟು

ನೆಲಮಂಗಲದ ಸುತ್ತಮುತ್ತ ಬುಲೆಟ್ ಇಟ್ಟುಕೊಂಡವನಿಗೆ ಪಿಳ್ಳಪ್ಪ ಗೊತ್ತಿಲ್ಲ ಅಂದರೆ ಆ ಬುಲೆಟ್ಟು ಇನ್ನೂ ಒಂದು ಸಲವೂ ಕೆಟ್ಟಿಲ್ಲ ಅಂತಲೇ ಅರ್ಥ. ಹಳೇ ಹೈವೇ ಪಕ್ಕದಲ್ಲಿ, ಟೈರ್ ಅಂಗಡಿಗೂ ಬೀಡಾ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ತಗಡಿನ ಶೆಡ್ಡು ಅವನದು. ಬೋರ್ಡಿಲ್ಲ. ಯಾಕಪ್ಪಾ ಬೋರ್ಡು ಹಾಕಿಲ್ಲ ಅಂದರೆ, "ಬುಲೆಟ್ ಓಡ್ಸೋನು ದಾರಿ ಕೇಳ್ಕೊಂಡು ಬರ್ತಾನೆ ಬಿಡು" ಅನ್ನುತ್ತಿದ್ದ. ಸ್ವಲ್ಪ ಜಂಬದ ಮನುಷ್ಯ. ಅದನ್ನು ಮುಚ್ಚಿಟ್ಟು ಹೇಳಿದರೆ ಈ ಕತೆ ಹೇಳಿದಂತೆಯೇ ಅಲ್ಲ.

ಜಂಬಕ್ಕೆ ಕಾರಣ ಅವನ ಬಲಗಿವಿ. ಬೇರೆಯವರು ಎಂಜಿನ್ ಬಿಚ್ಚಿ ನೋಡಿ ಹೇಳುವುದನ್ನು ಪಿಳ್ಳಪ್ಪ ಬಿಚ್ಚದೆಯೇ ಹೇಳುತ್ತಿದ್ದ. ಮೊಳದುದ್ದದ ಒಂದು ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕಿವಿಗೆ ಬೆರಳು ಹಾಕಿ ಕಣ್ಣು ಮುಚ್ಚುವನು. ಸುತ್ತಲಿನವರು ಬಾಯಿ ಮುಚ್ಚಬೇಕು. ಕೆಮ್ಮಿದವರಿಗೂ ಬೈಗುಳ ಬೀಳುತ್ತಿತ್ತು. ಆಮೇಲೆ ಕಣ್ಣು ಬಿಟ್ಟು, "ಟ್ಯಾಪೆಟ್ಟು," ಅಂತಲೋ "ಬುಷ್ ಹೋಗೈತೆ," ಅಂತಲೋ ಅಂದರೆ ಮುಗಿಯಿತು, ಬಿಚ್ಚಿದಾಗ ಅದೇ ಇರುತ್ತಿತ್ತು. ದಾಬಸ್‌ಪೇಟೆ, ಸೋಲೂರು, ತ್ಯಾಮಗೊಂಡ್ಲು ಕಡೆಯಿಂದ ಗಾಡಿ ತಂದು, ಬರೀ ಕೇಳಿಸಿಕೊಂಡು ಹೋಗುವವರೂ ಇದ್ದರು.

ಈ ವಿದ್ಯೆ ಕಲಿಸಿದವನು ಅವನ ಉಸ್ತಾದ್. ಮೀಸೆ ಮೂಡದ ಪಿಳ್ಳಪ್ಪ ಹೊಲದ ಕೆಲಸ ಬೇಡವೆಂದು ಗ್ಯಾರೇಜಿಗೆ ಬಂದು ನಿಂತಾಗ ಉಸ್ತಾದ್ ಮೊದಮೊದಲು ಸ್ಪ್ಯಾನರ್ ಮುಟ್ಟಲೇ ಬಿಡಲಿಲ್ಲವಂತೆ. ಸುಮ್ಮನೆ ಕೂತು ಕೇಳು ಅಂದನಂತೆ. ಕೇಳುವುದು ಎಷ್ಟು ಅಂಟಿಕೊಂಡಿತೆಂದರೆ, ಹೆಣ್ಣು ನೋಡಲು ಹೋದ ದಿನವೂ ಅದು ಬಿಡಲಿಲ್ಲ. ಹುಡುಗಿ ಕಾಫಿ ತಂದು ಮುಂದೆ ಹಿಡಿದು ನಿಂತಿದ್ದಾಳೆ, ಈ ಮಹಾರಾಯ ರಸ್ತೆ ಕಡೆ ಕತ್ತು ತಿರುಗಿಸಿ ದೂರದಲ್ಲಿ ಹೋಗುತ್ತಿದ್ದ ಗಾಡಿಯ ಚೈನು ಸಡಿಲವಾಗಿದೆ ಅಂತ ಯೋಚಿಸುತ್ತಿದ್ದಾನೆ. ಹುಡುಗಿಗೆ ತಾನು ಒಪ್ಪಿಗೆಯಾಗಲಿಲ್ಲ ಅನ್ನಿಸಿ ಒಳಗೆ ಹೋಗಿ ಅತ್ತಳು. ಆ ಹುಡುಗಿಯೇ ಅವನ ಹೆಂಡತಿ ಸಪ್ಪಲಮ್ಮ, ಈಗಲೂ ಅದನ್ನು ಹೇಳಿ ನಗುತ್ತಾಳೆ. ಅವಳಿಗೆ ಗೇರು ಯಾವುದು ಬ್ರೇಕು ಯಾವುದು ಇಂದಿಗೂ ತಿಳಿಯದು. ಮಧ್ಯಾಹ್ನ ಊಟದ ಕ್ಯಾರಿಯರ್ ತಂದು ಶೆಡ್ಡಿನ ಬಾಗಿಲಲ್ಲಿ ಕೂರುವುದಷ್ಟೇ ಅವಳಿಗೂ ಬುಲೆಟ್ಟಿಗೂ ಇರುವ ನಂಟು.

ಹೋದ ಶಿವರಾತ್ರಿ ಕಳೆದ ಮೇಲೆ ಭಾನುಪ್ರಕಾಶ ಬಂದ. ಶಿವಗಂಗೆ ಕಡೆಯವನು, ದಾಬಸ್‌ಪೇಟೆಯ ಗೋಡೌನೊಂದರಲ್ಲಿ ಸೂಪರ್‌ವೈಸರು. ಟೆಂಪೋದಲ್ಲಿ ತನ್ನ ತಂದೆ ಗಂಗಣ್ಣನವರ ಬುಲೆಟ್ಟು ಹಾಕಿಕೊಂಡು ಬಂದಿದ್ದ. ಎಪ್ಪತ್ತರ ದಶಕದ ಗಾಡಿ. ಗಂಗಣ್ಣ ತೀರಿಕೊಂಡ ಮೇಲೆ ದನದ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದು ಕೂತಿತ್ತು.

"ಎಂಜಿನ್ ಪೂರ್ತಿ ಬಿಚ್ಚಿ ಹೊಸದು ಮಾಡ್ಬಿಡಿ ಪಿಳ್ಳಪ್ಪನೋರೇ. ಆದ್ರೆ ಬ್ಲಾಕ್ ಮಾತ್ರ ಮುಟ್ಬೇಡಿ," ಅಂದ ಭಾನುಪ್ರಕಾಶ. "ಕಂಪನಿಯಿಂದ ಬಂದ ಬೋರು ಹಂಗೇ ಐತೆ. ಅಪ್ಪ ಇದೊಂದೇ ಹೇಳ್ಕೊಂಡು ಓಡಾಡೋರು."

ಬ್ಲಾಕ್ ಅಂದರೆ ಒಳಗೆ ಪಿಸ್ಟನ್ನು ಮೇಲೆ ಕೆಳಗೆ ಓಡಾಡುವ ಕಬ್ಬಿಣದ ಗೂಡು. ಅದರ ಒಳಗೋಡೆ ಸವೆದಾಗ ಲೇತಿನವನ ಹತ್ತಿರ ಹೆರೆಸಿ ಅಗಲ ಮಾಡಿಸಿ, ದೊಡ್ಡ ಪಿಸ್ಟನ್ ಕೂರಿಸುತ್ತಾರೆ. ಬೋರ್ ಹೊಡೆಸುವುದು ಅನ್ನುವುದು ಇದಕ್ಕೇ. ಎಂಜಿನ್ನು ದೊಡ್ಡದಾಗುತ್ತದೆ, ಎಳೆತ ಹೆಚ್ಚುತ್ತದೆ. ಆದರೆ ಹೆರೆದ ಕಬ್ಬಿಣ ಮತ್ತೆ ಬಂದು ಅಂಟಿಕೊಳ್ಳುವುದಿಲ್ಲ. ಹಳ್ಳಿಗಳಲ್ಲಿ ಇಷ್ಟು ವರ್ಷ ಓಡಿಯೂ ಬೋರ್ ಹೊಡೆಸದ ಬುಲೆಟ್ಟಿನ ಯಜಮಾನನಿಗೆ ಒಂದು ಬೇರೆಯೇ ಗತ್ತಿರುತ್ತದೆ. ಪಿಳ್ಳಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು. "ನಾನೇನು ಕಟುಕನೇನಪ್ಪಾ? ಮುಟ್ಟಲ್ಲ ಹೋಗು," ಅಂದ.

ಕೆಲಸ ಸೊಗಸಾಗಿ ನಡೆಯಿತು. ಕ್ರ್ಯಾಂಕಿನ ಬೇರಿಂಗು ಬದಲಾಯಿತು, ವಾಲ್ವು ಉಜ್ಜಿ ಕೂರಿಸಿದ್ದಾಯಿತು, ರಿಂಗು ಹೊಸದು ಬಿತ್ತು. ಕಿಕ್ ಹೊಡೆದ. ಗಾಡಿ ಎದ್ದು ಕೂತಿತು. ಬೀಡಾ ಅಂಗಡಿಯವನು ಹೊರಗೆ ಬಂದು ಕೈ ಎತ್ತಿದ. ಪಿಳ್ಳಪ್ಪ ಖುಷಿಯಿಂದ ಸ್ಕ್ರೂಡ್ರೈವರ್ ಆನಿಸಿ ಕಣ್ಣು ಮುಚ್ಚಿದ.

ಟಿಕ್. ಟಿಕ್. ಟಿಕ್.

ಬಹಳ ಸಣ್ಣದು. ಎಂಜಿನ್ನಿನ ದೊಡ್ಡ ಸದ್ದಿನ ಹಿಂದೆ ಯಾರೋ ಉಗುರಿನಲ್ಲಿ ತಟ್ಟಿದಷ್ಟು. ಟ್ಯಾಪೆಟ್ಟು ಸರಿಮಾಡಿದ, ಇತ್ತು. ಮತ್ತೆ ಬಿಚ್ಚಿ ಪಿಸ್ಟನ್ ಪಿನ್ನಿನ ಬುಷ್ ಬದಲಾಯಿಸಿದ, ಇತ್ತು. ಪಕ್ಕದ ಟೈರ್ ಅಂಗಡಿಯವನನ್ನು ಕರೆದು ಕೇಳಿಸಿದರೆ ಅವನು, "ಏನೂ ಇಲ್ವಲ್ಲ ಗುರುವೇ" ಅಂದ. "ನಿನ್ನ ಕಿವಿಗೆ ಲೌಡ್‌ಸ್ಪೀಕರ್ ಕಟ್ಟಿದ್ರೂ ಅಷ್ಟೇ," ಅಂತ ಅವನನ್ನು ಅಟ್ಟಿದ. ಬೇರೆಯವರಿಗೆ ಕೇಳದಿರುವುದು ಅವನಿಗೆ ಹೊಸದಲ್ಲ. ಅದೇ ಅಲ್ಲವೇ ಅವನ ಹೆಸರು!

ಎಲ್ಲ ಬದಲಾಯಿಸಿದ ಮೇಲೆ ಉಳಿದದ್ದು ಒಂದೇ, ಪಿಸ್ಟನ್ನು ಬ್ಲಾಕಿನ ಗೋಡೆಗೆ ಒದೆಯುತ್ತಿರಬೇಕು. ಗೋಡೆ ಸವೆದಿದೆ. ಬೋರ್ ಹೊಡೆಸದೆ ದಾರಿಯಿಲ್ಲ. ಭಾನುಪ್ರಕಾಶನಿಗೆ ಫೋನ್ ಮಾಡಿದ.

ಅವನು, "ಅಪ್ಪ ಇದ್ದಿದ್ರೆ ಒಪ್ತಿದ್ರಾ ಪಿಳ್ಳಪ್ಪನೋರೇ?" ಅಂತ ಕೇಳಿದ.

"ನಿಮ್ಮಪ್ಪ ಇದ್ದಿದ್ರೆ ನನ್ನ ಮಾತಿಗೆ ಎದುರಾಡ್ತಿರ್ಲಿಲ್ಲ ಕಣಪ್ಪಾ. ಹಿಂಗೇ ಓಡ್ಸಿದ್ರೆ ಒಂದಿನ ದಾರೀಲಿ ಎಂಜಿನ್ ಹಿಡ್ಕೊಂಡ್ಬಿಡ್ತದೆ."

"ನಿಮ್ಮ ಕಿವಿಗೆ ಕೇಳ್ಸೈತೆ ಅಂದ್ಮೇಲೆ ನಂದೇನೈತೆ. ಮಾಡ್ಸಿ," ಅಂದ ಭಾನುಪ್ರಕಾಶ.

ಲೇತಿನ ಆವಲಪ್ಪ ಪಿಳ್ಳಪ್ಪನ ಓರಗೆಯವನು. ಬ್ಲಾಕನ್ನು ಒರೆಸಿ, ಗೇಜು ಇಳಿಬಿಟ್ಟು, ಮೇಲೊಮ್ಮೆ ಕೆಳಗೊಮ್ಮೆ ಅಳೆದು ಹುಬ್ಬು ಗಂಟಿಕ್ಕಿದ. "ಲೇ ಪಿಳ್ಳಾ, ಇದು ಕನ್ನಡಿ ಇದ್ದಂಗೈತಲ್ಲೋ. ಯಾಕ್ಲಾ ಕೊಯ್ಸ್ತೀಯ?"

"ಒದೀತೈತೆ."

"ಗೇಜಿಗೆ ಕಾಣ್ತಿಲ್ಲ."

"ನಿನ್ನ ಗೇಜನ್ನ ಯಾರ್ಲಾ ಕೇಳ್ದೋರು? ಹೊಡಿ," ಅಂದ ಪಿಳ್ಳಪ್ಪ. ಆವಲಪ್ಪ ಬ್ಲಾಕನ್ನು ಎತ್ತಿ ಬಿಗಿದ. ಮೆಷಿನ್ನು ತಿರುಗಿತು. ಗಂಗಣ್ಣನವರು ಜೀವಮಾನವಿಡೀ ಹೇಳಿಕೊಂಡು ಓಡಾಡಿದ ಗೋಡೆ ಬೂದಿಬಣ್ಣದ ಪುಡಿಯಾಗಿ ತಟ್ಟೆಗೆ ಉದುರಿತು.

ದೊಡ್ಡ ಪಿಸ್ಟನ್ ಹಾಕಿ ಕಟ್ಟಿದ ಮೇಲೆ ಗಾಡಿಯ ಎಳೆತವೇ ಬೇರೆಯಾಯಿತು. ಶಿವಗಂಗೆಯ ತಪ್ಪಲಿನವರೆಗೂ ಓಡಿಸಿ ನೋಡಿದ. ಏರಿನಲ್ಲಿ ಟಾಪ್ ಗೇರಿನಲ್ಲೇ ಗುಡುಗುಡು ಅಂತ ಹತ್ತಿತು. ಇಷ್ಟು ಒಳ್ಳೆಯ ಎಂಜಿನ್ನು ತಾನು ಈಚೆಗೆ ಕಟ್ಟಿಲ್ಲ ಅನ್ನಿಸಿತು ಅವನಿಗೆ. ವಾಪಸು ಬಂದು, ಗೆದ್ದವನ ಹಾಗೆ ಸ್ಕ್ರೂಡ್ರೈವರ್ ತೆಗೆದುಕೊಂಡ.

ಟಿಕ್. ಟಿಕ್. ಟಿಕ್.

ಪಿಳ್ಳಪ್ಪನ ತಲೆ ಕೆಟ್ಟಿತು. ಹಳೇ ಪಿಸ್ಟನ್ ಇಲ್ಲ, ಹಳೇ ಗೋಡೆಯೂ ಇಲ್ಲ, ಇನ್ನು ಒದೆಯುವವರು ಯಾರು? ಎಡಗೈ ಚಾಚಿ ಆಕ್ಸಿಲರೇಟರ್ ತಿರುವಿದ. ಎಂಜಿನ್ನಿನ ಓಟ ಏರಿತು. ಟಿಕ್ ಟಿಕ್ ಏರಲಿಲ್ಲ, ತನ್ನ ಪಾಡಿಗೆ ತಾನು ಅದೇ ನಿಧಾನದಲ್ಲಿ ಹೋಗುತ್ತಿತ್ತು. ಇದು ಹೇಗೆ ಸಾಧ್ಯ? ಎಂಜಿನ್ನಿನ ಒಳಗಿರುವ ಎಲ್ಲವೂ ಎಂಜಿನ್ನಿನ ಜೊತೆಗೇ ತಾನೇ ಓಡಬೇಕು? ಬೆನ್ನು ಬಗ್ಗಿಸಿದಾಗ ಶಬ್ದ ಜೋರಾದಂತೆ, ಸುಮ್ಮನೆ ಕೂತು ನೀರು ಕುಡಿದ ಮೇಲೆ ಇಳಿದಂತೆ ಅನ್ನಿಸಿತು. ತಾನು ನೀರು ಕುಡಿದರೆ ಬುಲೆಟ್ಟಿಗೆ ಏನಾಗಬೇಕು?

ಅಷ್ಟರಲ್ಲಿ ಯಾರೋ ಷೋರೂಮಿನಿಂದ ಆಗ ತಾನೇ ತಂದ ಬುಲೆಟ್ಟನ್ನು ಕನ್ನಡಿ ಬಿಗಿ ಮಾಡಿಸಲು ನಿಲ್ಲಿಸಿದರು. ಅದಕ್ಕೂ ಆನಿಸಿ ನೋಡಿದ, ಟಿಕ್ ಟಿಕ್. ಹಾಲಿನ ವ್ಯಾನು ಬಂತು, ಅದಕ್ಕೂ ಆನಿಸಿದ, ಟಿಕ್ ಟಿಕ್. ಈಗಿನ ಕಬ್ಬಿಣವೇ ಸರಿಯಿಲ್ಲ ಅಂತ ತೀರ್ಮಾನ ಮಾಡಿದ. ಆ ತೀರ್ಮಾನ ಒಂದು ದಿನವೂ ನಿಲ್ಲಲಿಲ್ಲ. ಹಾಗಾದರೆ ಗಂಗಣ್ಣನವರ ಗಾಡಿ ಈಗಿನ ಕಬ್ಬಿಣದ್ದಲ್ಲವಲ್ಲ!

ಮಾರನೆಯ ದಿನ ಶೆಡ್ಡು ತೆಗೆದವನು ಯಾವ ಗಾಡಿಯನ್ನೂ ಚಾಲೂ ಮಾಡಲಿಲ್ಲ. ತಣ್ಣಗೆ ನಿಂತಿದ್ದ ಬುಲೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಏನು ಮಾಡುತ್ತಿದ್ದೇನೆಂದು ತನಗೇ ತಿಳಿಯದೆ, ಸ್ಕ್ರೂಡ್ರೈವರ್ ಆನಿಸಿದ. ಟಿಕ್. ಟಿಕ್. ಟಿಕ್. ಗಾಡಿಗೆ ಗಾಳಿ ಸೋಕಿದೆಯೇ ಅಂತಲೂ ಒಂದು ಯೋಚನೆ ಬಂದು ಹೋಯಿತು. ಎದ್ದು ಬಾಗಿಲ ಚೌಕಟ್ಟಿಗೆ ಆನಿಸಿದ. ಅಲ್ಲೂ ಇತ್ತು. ಹೊರಗೆ ಬಂದು ಬೇವಿನ ಮರಕ್ಕೆ ಆನಿಸಿದ. ಅಲ್ಲೂ ಇತ್ತು.

ಕ್ಯಾರಿಯರ್ ಹಿಡಿದು ಬಂದ ಸಪ್ಪಲಮ್ಮ ಮರಕ್ಕೆ ಸ್ಕ್ರೂಡ್ರೈವರ್ ಆನಿಸಿ ಕಣ್ಣು ಮುಚ್ಚಿದ ಗಂಡನನ್ನು ನೋಡಿ ಅಲ್ಲೇ ನಿಂತುಬಿಟ್ಟಳು. "ಏನ್ರೀ ಇದು? ಮರಕ್ಕೇನಾಗೈತೆ?"

"ಟಿಕ್ ಟಿಕ್ ಅಂತೈತೆ ಕಣೇ."

ಅವಳು ನಗಲಿಲ್ಲ. ಹತ್ತಿರ ಬಂದು, ಸ್ಕ್ರೂಡ್ರೈವರನ್ನು ಅವನ ಕೈಯಿಂದ ಬಿಡಿಸಿ, ತನ್ನ ಅಂಗೈಯನ್ನು ಅವನ ಬಲಗಿವಿಗೆ ಗಟ್ಟಿಯಾಗಿ ಮುಚ್ಚಿದಳು. "ಈಗ?"

"ಐತೆ," ಅಂದ ಪಿಳ್ಳಪ್ಪ. ಅಂದ ಮೇಲೆ ಅವನಿಗೇ ಅರ್ಥವಾಯಿತು. ಅದು ಎಂಜಿನ್ನಿನದಲ್ಲ, ಕಬ್ಬಿಣದ್ದಲ್ಲ, ಮರದ್ದೂ ಅಲ್ಲ. ಅವನದೇ ಕಿವಿಯದು. ಕಿವಿ ಮುಚ್ಚಿಕೊಂಡಾಗಲೆಲ್ಲ ಒಳಗೆ ಅವನ ನಾಡಿಯೇ ಬಡಿಯುತ್ತಿತ್ತು, ವಯಸ್ಸಾದ ಕಿವಿಯಲ್ಲಿ ಅದು ದೊಡ್ಡದಾಗಿ ಕೇಳುತ್ತಿತ್ತು. ಮರದ ಬುಡದಲ್ಲಿ ಕೂತುಬಿಟ್ಟ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ತಟ್ಟೆಗೆ ಉದುರಿದ ಆ ಬೂದಿಬಣ್ಣದ ಪುಡಿಯೊಂದೇ ಕಣ್ಣ ಮುಂದೆ ಬರುತ್ತಿತ್ತು. ಮುದ್ದೆ ಮುರಿದವನು ಬಾಯಿಗಿಡದೆ ಕೈ ತೊಳೆದ.

ಹೇಳಬೇಕೋ ಬೇಡವೋ ಅನ್ನುವ ಗೊಂದಲ ಆಮೇಲೆ ಶುರುವಾಯಿತು. ಹೇಳದಿದ್ದರೆ ನಷ್ಟವೇನು? ಗಾಡಿ ಮೊದಲಿಗಿಂತ ಚೆನ್ನಾಗಿದೆ. ಹುಡುಗ ಖುಷಿಯಾಗಿ ಹೋಗುತ್ತಾನೆ. ಹೇಳಿದರೆ ಗಂಗಣ್ಣನವರ ಬೋರು ವಾಪಸು ಬರುತ್ತದೆಯೇ? ಇಲ್ಲ. ಪಿಳ್ಳಪ್ಪನ ಹೆಸರೂ ಹೋಗುತ್ತದೆ, ಅಷ್ಟೇ. ಹಾಗಂತ ಹೇಳದೆ ಇರುವುದಾದರೂ ಹೇಗೆ? ಒಂದು ಘಳಿಗೆ ಹೀಗೆ, ಇನ್ನೊಂದು ಘಳಿಗೆ ಹಾಗೆ. ಸಪ್ಪಲಮ್ಮನನ್ನು ಕೇಳಿದರೆ, "ನಿಮ್ಮ ಗಾಡಿ ವಿಷ್ಯ ನನಗೇನು ಗೊತ್ತು?" ಅಂದಳು. ಇವನಿಗೂ ಗೊತ್ತಿರಲಿಲ್ಲ.

ಭಾನುವಾರ ಭಾನುಪ್ರಕಾಶ ಬಂದ. ಉಜ್ಜಿ ಹೊಳಪಿಟ್ಟ ಟ್ಯಾಂಕನ್ನು ಸವರಿ, ಒಂದು ಕಿಕ್ ಹೊಡೆದ. ಒಂದಕ್ಕೇ ಎದ್ದಿತು. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದವನ ಮುಖ ಅರಳಿತ್ತು.

"ಅಪ್ಪನ ಕಾಲದಲ್ಲೂ ಹಿಂಗೆ ಎಳೀತಿರ್ಲಿಲ್ಲ ಪಿಳ್ಳಪ್ಪನೋರೇ! ನಿಮ್ಮ ಮಾತು ಕೇಳಿದ್ದು ಒಳ್ಳೇದಾಯ್ತು," ಅಂದ. ಆಮೇಲೆ ಸುಮ್ಮನೆ ಮಾತಿಗೆ ಅನ್ನುವ ಹಾಗೆ ಕೇಳಿದ. "ಆ ಶಬ್ದ ಹೋಯ್ತು ತಾನೇ?"

ಹೋಯ್ತು ಅನ್ನುವ ಮಾತು ಪಿಳ್ಳಪ್ಪನ ನಾಲಿಗೆ ತುದಿಯಲ್ಲೇ ಇತ್ತು. ಬಾಯಿ ತೆರೆದಾಗ ಬಂದದ್ದು ಬೇರೆ.

"ಇಲ್ಲ ಕಣಪ್ಪಾ. ಅದು ನಿನ್ನ ಗಾಡೀದಲ್ಲ. ನನ್ನ ಕಿವೀದು."

ಭಾನುಪ್ರಕಾಶ ನಕ್ಕ. ಪಿಳ್ಳಪ್ಪ ನಗಲಿಲ್ಲ. ಹುಡುಗ ಎಂಜಿನ್ ಆಫ್ ಮಾಡಿ ಅವನ ಮುಖವನ್ನೇ ನೋಡಿದ.

"ಅಂದ್ರೆ... ಬ್ಲಾಕು?"

"ಚೆನ್ನಾಗಿತ್ತು. ಲೇತಿನೋನು ಹೇಳ್ದ. ನಾನು ಕಿವಿಗೆ ಹಾಕ್ಕೊಳ್ಲಿಲ್ಲ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಭಾನುಪ್ರಕಾಶ ಬೈಯಲಿಲ್ಲ. ಬಿಸಿಯಿದ್ದ ಬ್ಲಾಕಿನ ಹತ್ತಿರ ಕೈ ಒಯ್ದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ. ಎಳೆಯ ಮಗುವಿನ ಹಾಗೆ ತುಟಿ ಬಿಗಿಹಿಡಿದಿದ್ದ.

"ನೀವು ಇದನ್ನ ಹೇಳ್ಬಾರ್ದಾಗಿತ್ತು," ಅಂದ. "ನಾನು ಖುಷಿಯಾಗಿದ್ದೆ."

ಕಿಕ್ ಹೊಡೆದು ಗಾಡಿಯನ್ನು ರಸ್ತೆಗಿಳಿಸಿದ. ಲಾರಿಗಳು, ಬಸ್ಸುಗಳು, ಹಾರನ್ನುಗಳು. ಅವುಗಳ ನಡುವೆ ಪಿಳ್ಳಪ್ಪ ಕಣ್ಣು ಮುಚ್ಚಿ, ಕಿವಿ ನಿಮಿರಿಸಿ ನಿಂತ. ತಾನು ಕೈಯಾರೆ ಕಟ್ಟಿದ ಎಂಜಿನ್ನು, ಎಷ್ಟು ದೂರ ಹೋದರೂ ಅದರ ಸದ್ದನ್ನು ಹೆಕ್ಕಿ ತೆಗೆಯಬಲ್ಲೆ ಅಂದುಕೊಂಡಿದ್ದ. ಯಾವುದು ಆ ಗಾಡಿಯ ಸದ್ದು, ಯಾವುದು ಲಾರಿಯದು, ಯಾವುದು ತನ್ನದು, ಒಂದೂ ತಿಳಿಯಲಿಲ್ಲ.

"ಹೋದ್ನಾ?" ಅಂತ ಶೆಡ್ಡಿನ ಬಾಗಿಲಲ್ಲಿ ಕೂತಿದ್ದ ಸಪ್ಪಲಮ್ಮನನ್ನು ಕೇಳಿದ.

"ಆಗ್ಲೇ ಹೋದ."

"ಗಾಡಿ ಹೆಂಗ್ ಹೋಯ್ತೇ? ಸದ್ದು ಹೆಂಗಿತ್ತು?"

"ಸದ್ದೆಲ್ಲ ನನಗೇನ್ ತಿಳೀತದೆ," ಅಂದಳು ಸಪ್ಪಲಮ್ಮ, ರಸ್ತೆಯ ಕಡೆಯೇ ನೋಡುತ್ತಾ. "ತಿರುಗಿ ಮಾತ್ರ ನೋಡ್ಲಿಲ್ಲ."