ಊಟದ ಹೊತ್ತಿನಲ್ಲಿ ಹೇಳಿದ ಹೆಸರು

ವಿಶಾಲೂ, ಹೇಮಾಂಜಲಿ ಅಂದರೆ ನೀನೇ ಅಂತ ಹೊರಗೆ ಹೇಳಿದವಳು ನಾನು. ಜಬ್ಬಾರ್ ಸಾಹೇಬರಲ್ಲ, ಬೇರೆ ಯಾರೂ ಅಲ್ಲ — ನಾನು, ನಿನ್ನ ಲಲಿತ.

ಇಷ್ಟು ಬರೆಯುವುದಕ್ಕೆ ಹತ್ತಿರ ಹತ್ತಿರ ನಲವತ್ತು ವರ್ಷ ಹಿಡಿಯಿತು. ಇಲ್ಲಿಗೇ ಓದುವುದು ನಿಲ್ಲಿಸಿ ನೀನು ಈ ಕಾಗದವನ್ನು ಮಡಿಸಿಟ್ಟರೂ ಸರಿಯೇ, ಮುಖ್ಯವಾದದ್ದು ನಿನಗೆ ತಲುಪಿತು. ಮುಂದೆ ಓದುವುದಾದರೆ — ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಎಲ್ಲ ಗೊತ್ತಿದ್ದೂ ಹೇಳಿದೆ ಅನ್ನುವುದೇ ನನ್ನ ತಪ್ಪು. ಹಾಗಾಗಿ ನನಗೆ ಏನೇನು ಗೊತ್ತಿತ್ತು ಅನ್ನುವುದನ್ನು ಒಪ್ಪಿಕೊಳ್ಳಲೇಬೇಕು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಗುಬ್ಬಿಯಲ್ಲಿ ಪ್ರೈಮರಿ ಸ್ಕೂಲ್ ಟೀಚರು; ನೀನು ಮದುವೆಯಾಗಿ ಕುಣಿಗಲ್ ಸೇರಿದ್ದೆ. ತುಮಕೂರಿನಲ್ಲಿ ಟೀಚರ್ ಟ್ರೈನಿಂಗ್ ಮಾಡುವಾಗ ಒಂದೇ ರೂಮಿನಲ್ಲಿದ್ದ ದಿನಗಳಿಂದ ನಮಗಿಬ್ಬರಿಗೂ ಪ್ರೇಮ ಕಾದಂಬರಿಯ ಹುಚ್ಚು. ಓದುವುದಷ್ಟೇ ಅಲ್ಲ, ಬರೆಯುವುದೂ. ನಾನು ಕಳಿಸಿದ್ದೆಲ್ಲ ವಾಪಸು ಬರುತ್ತಿತ್ತು. ನಿನ್ನದು ಅಚ್ಚಾಗುತ್ತಿತ್ತು. ನನಗಾಗುತ್ತಿದ್ದುದನ್ನು ಅಸೂಯೆ ಅಂತ ನಾನು ಆಗ ಕರೆಯಲಿಲ್ಲ. ‘ನನ್ನ ಗೆಳತಿ’ ಅನ್ನುವ ಹೆಮ್ಮೆ ಅಂದುಕೊಂಡಿದ್ದೆ.

ನಿನ್ನ ಧಾರಾವಾಹಿ ಆ ವಾರಪತ್ರಿಕೆಯಲ್ಲಿ ಹೇಮಾಂಜಲಿ ಅನ್ನುವ ಹೆಸರಿನಲ್ಲಿ ಬರುತ್ತಿತ್ತು. ಬರೀತಿಯಾ ಬರಿ, ಅಮ್ಮನಿಗೆ ಮಾತ್ರ ತಿಳಿಯಬಾರದು — ಇದು ನಿನ್ನ ಯಜಮಾನರು ಹಾಕಿದ್ದ ಒಂದೇ ಕರಾರು. ಅದಕ್ಕೇ ಪತ್ರಿಕೆಗೆ ಮನೆಯ ವಿಳಾಸ ಕೊಡದೆ, ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಏಜೆನ್ಸಿ ಇಟ್ಟಿದ್ದ ಜಬ್ಬಾರ್ ಸಾಹೇಬರ ಅಂಗಡಿಯ ವಿಳಾಸ ಕೊಟ್ಟಿದ್ದೆ. ನಿನ್ನ ಕವರುಗಳನ್ನು ಪೋಸ್ಟ್ ಮಾಡುವವರೂ ಅವರೇ, ಬಂದ ಕಾಗದಗಳನ್ನು ಪೇಪರಿನ ಮಡಿಕೆಯಲ್ಲಿಟ್ಟು ನಿನಗೆ ತಲುಪಿಸುವವರೂ ಅವರೇ. ಕುಣಿಗಲ್‌ನಲ್ಲಿ ಹೊರಗಿನವರ ಪೈಕಿ ಗುಟ್ಟು ಗೊತ್ತಿದ್ದದ್ದು ಆ ಮನುಷ್ಯನೊಬ್ಬನಿಗೇ.

ಮತ್ತೆ ಆ ಧಾರಾವಾಹಿಯಲ್ಲಿ ಬರುವ ಗಂಗಮ್ಮ — ಸೊಸೆ ತಲೆಗೆ ಎಷ್ಟು ಎಣ್ಣೆ ಹಚ್ಚಿಕೊಂಡಳು ಅಂತ ತಿಳಿಯಲು ಎಣ್ಣೆ ಬಾಟಲಿಗೆ ಇದ್ದಲಿನಲ್ಲಿ ಗೆರೆ ಎಳೆಯುವ ಅತ್ತೆ. ಸೊಸೆಗೆ ಗರ್ಭ ಇಳಿದುಹೋದಾಗ, ‘ಇವಳ ಹೊಟ್ಟೇಲಿ ಅನ್ನ ನಿಲ್ಲುತ್ತೆ, ಮಗು ನಿಲ್ಲಲ್ಲ’ ಅನ್ನುವ ಅತ್ತೆ. ಆ ಗೆರೆಯೂ ನಿನ್ನ ಮನೆಯದೇ, ಆ ಮಾತೂ ನಿನ್ನ ಅತ್ತೆ ಪುಟ್ಟತಾಯಮ್ಮನವರು ನಿನಗೆ ಆಡಿದ್ದೇ. ಅವರಿಗೆ ಓದು ಬರದು. ಪ್ರತಿ ಗುರುವಾರ ಮಧ್ಯಾಹ್ನ ಎಲೆಅಡಿಕೆ ತಟ್ಟೆ ಇಟ್ಟುಕೊಂಡು ಕೂತು, ‘ಓದವ್ವ, ಆ ಮುಂಡೆ ಈ ವಾರ ಏನ್ ಮಾಡಿದ್ಲೋ ನೋಡಾಣ’ ಅನ್ನುತ್ತಿದ್ದರು. ನೀನು ಓದುತ್ತಿದ್ದೆ. ಅವರು ಗಂಗಮ್ಮನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರು.

ಇದನ್ನು ನೀನು ನನಗೆ ಹೇಳಿದಾಗ ನಾವಿಬ್ಬರೂ ನಕ್ಕೆವು. ಕವರು ಕೊಡಲು ಹೋದಾಗ ಜಬ್ಬಾರ್ ಸಾಹೇಬರಿಗೂ ಇದನ್ನು ಹೇಳಿ ನಗಿಸಿದ್ದೆಯಂತೆ. ಆದರೆ ನನಗೆ ನೀನು ಇನ್ನೊಂದು ಮಾತನ್ನೂ ಹೇಳಿದ್ದೆ. ಗರ್ಭ ಇಳಿದುಹೋದ ಕಂತು ಓದಿದ ದಿನ ನಿನ್ನತ್ತೆ ಬೈಯಲಿಲ್ಲವಂತೆ. ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದು ಹೋದರಂತೆ. ಮಾರನೆಯ ವಾರದಿಂದ ಬಾಟಲಿಯ ಮೇಲೆ ಗೆರೆ ಇರಲಿಲ್ಲ. ಆಮೇಲೊಂದು ದಿನ ತಾವೇ ನಿನ್ನನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದರು. ‘ಮದುವೆಯಾದ ಇಷ್ಟು ವರ್ಷಕ್ಕೆ ಆ ಕೈ ನನ್ನ ತಲೆ ಮೇಲೆ ಬಂತು ಕಣೇ ಲಲಿತ’ ಅಂದಿದ್ದೆ ನೀನು. ಆಗ ನಿನ್ನ ಮುಖ ಹೇಗಿತ್ತು ಅಂತ — ಬೇಡ.

ಅಷ್ಟರಲ್ಲಿ ಅದೇ ಪತ್ರಿಕೆಯವರು ತುಮಕೂರಿನ ಒಂದು ಕಲ್ಯಾಣ ಮಂಟಪದಲ್ಲಿ ಪ್ರೇಮ ಕಾದಂಬರಿ ಬರೆಯುವವರಿಗಾಗಿ ಎರಡು ದಿನದ ಸಮಾವೇಶ ಇಟ್ಟರು. ನಿನಗೂ ಆಹ್ವಾನ ಬಂತು, ಜಬ್ಬಾರ್ ಸಾಹೇಬರ ಅಂಗಡಿಗೆ. ನೀನು ಹೋಗುವ ಹಾಗಿರಲಿಲ್ಲ. ‘ನೀನು ಹೋಗು, ನನ್ನ ಪಾಲಿಂದೂ ಕೇಳ್ಕೊಂಡು ಬಾ’ ಅಂದೆ. ಒಂದು ಭಾನುವಾರ ಇಡೀ ದಿನ ನಿಮ್ಮ ಹಿತ್ತಲಲ್ಲಿ ಕೂತು ನನ್ನನ್ನು ತಯಾರು ಮಾಡಿದೆ. ನಿನ್ನ ಯಜಮಾನರ ಹಳೇ ಕನ್ನಡಕ ಹಾಕಿಕೊಂಡು ನೀನೇ ಸಂಪಾದಕರಾದೆ.

‘ಇಡೀ ಕಟ್ಟು ತಗೊಂಡ್ಹೋಗಿ ಸುರೀಬೇಡ ಕಣೇ. ಮೊದಲ್ನೇ ಅಧ್ಯಾಯ ಸಾಕು. ಕಥೆ ಏನಮ್ಮಾ ಅಂತ ಕೇಳಿದ್ರೆ ನಾಲ್ಕೇ ಮಾತು — ಹುಡುಗಿ ಯಾರು, ಹುಡುಗ ಯಾರು, ಅಡ್ಡ ಏನು, ಕೊನೆಗೇನಾಗುತ್ತೆ. ಎಲ್ಲಿ, ಹೇಳು.’

ನಾನು ತಡವರಿಸಿದೆ. ನೀನು ಆರು ಸಲ ಹೇಳಿಸಿದೆ.

‘ಮೊದಲ್ನೇ ದಿನ ಬಾಯಿ ಮುಚ್ಕೊಂಡು ಕೇಳು. ಎರಡನೇ ದಿನ ಮಾತಾಡು. ಭಾಷಣದಲ್ಲಿ ಏನೂ ಸಿಗಲ್ಲ, ಊಟಕ್ಕೆ ಸಂಪಾದಕರ ಹತ್ರ ಕೂತ್ಕೋ.’

ನನ್ನ ಕೋಳಿಗಾಲಿನ ಅಕ್ಷರ ನೋಡಿ, ಇದನ್ನು ಯಾರೂ ಓದುವುದಿಲ್ಲ ಅಂತ ನನ್ನ ಅಧ್ಯಾಯವನ್ನು ನೀನೇ ನಕಲು ಮಾಡಿಕೊಟ್ಟೆ — ಹದಿನಾಲ್ಕು ಹಾಳೆ, ಒಂದೂ ಚಿತ್ತಿಲ್ಲದೆ. ಹೊರಡುವಾಗ ಬಾಗಿಲ ಹತ್ತಿರ ಬಂದು ಮೆಲ್ಲಗೆ ಅಂದೆ, ‘ಹೇಮಾಂಜಲಿ ಸುದ್ದಿ ಬಂದ್ರೆ ನಿಂಗೇನೂ ಗೊತ್ತಿಲ್ಲ. ಆಯ್ತಾ?’

‘ಇದನ್ನೂ ಹೇಳ್ಬೇಕಾ ನಂಗೆ?’ ಅಂದೆ ನಾನು.

ಮೊದಲ ದಿನ ನೀನು ಹೇಳಿದಂತೆಯೇ ನಡೆದುಕೊಂಡೆ. ಮುಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡೆ. ಸುತ್ತ ಬೆಂಗಳೂರು, ಮೈಸೂರಿನಿಂದ ಬಂದ ಲೇಖಕಿಯರು; ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿದ್ದರು, ನಗುತ್ತಿದ್ದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಜಬ್ಬಾರ್ ಸಾಹೇಬರು ಬಾಗಿಲ ಹತ್ತಿರ ಪುಸ್ತಕದ ಮೇಜು ಹಾಕಿದ್ದರು. ‘ಟೀಚರಮ್ಮ, ಟೀ ಆಯ್ತಾ?’ ಅಂತ ಅವರೊಬ್ಬರೇ ವಿಚಾರಿಸಿದ್ದು. ಮಧ್ಯಾಹ್ನಕ್ಕೆ ಮೇಜು ಕಟ್ಟಿಕೊಂಡು ಕುಣಿಗಲ್‌ಗೆ ಹೊರಟುಹೋದರು. ಇದನ್ನು ನೆನಪಿಟ್ಟುಕೋ ವಿಶಾಲೂ — ಎರಡನೇ ದಿನ ಅವರು ಅಲ್ಲಿರಲೇ ಇಲ್ಲ.

ಎರಡನೇ ದಿನ ಊಟಕ್ಕೆ ಸಂಪಾದಕರ ಎದುರಿನ ಜಾಗ ಹಿಡಿದೆ. ಪಾಯಸ ಬರುವ ಹೊತ್ತಿಗೆ ಧೈರ್ಯ ಮಾಡಿ ಹಾಳೆಗಳನ್ನು ಕೊಟ್ಟೆ. ಅವರು ಎಡಗೈಯಲ್ಲಿ ಹಿಡಿದು ಮೊದಲ ಹಾಳೆ ನೋಡಿದರು. ಓದಲಿಲ್ಲ — ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

‘ಅಮ್ಮಾ, ಇದು ಹೇಮಾಂಜಲಿ ಅವರ ಅಕ್ಷರ ಅಲ್ವಾ?’

ಅಕ್ಕಪಕ್ಕದವರ ಕೈ ಎಲೆಯ ಮೇಲೇ ನಿಂತಿತು. ‘ನೀವೇನಾ ಹೇಮಾಂಜಲಿ?’ ಅಂತ ಯಾರೋ ಕೇಳಿದರು. ಎಷ್ಟೋ ಕಣ್ಣು ಒಟ್ಟಿಗೆ ನನ್ನ ಕಡೆ ತಿರುಗಿದವು — ನನ್ನ ಜನ್ಮದಲ್ಲಿ ಮೊದಲ ಸಲ.

ಅಲ್ಲ, ಗೊತ್ತಿಲ್ಲ, ಯಾರೋ ನಕಲು ಮಾಡಿಕೊಟ್ಟರು — ಇಷ್ಟು ಅಂದಿದ್ದರೆ ಮುಗಿಯುತ್ತಿತ್ತು. ಬಾಯಿ ತಪ್ಪಿ ಬಂತು ಅಂತ ಮಾತ್ರ ನಾನು ಹೇಳಲಾರೆ. ನನಗೆ ಯೋಚಿಸಲು ಸಮಯವಿತ್ತು. ‘ಅಲ್ಲ’ ಅಂದರೆ ಆ ಕಣ್ಣುಗಳೆಲ್ಲ ಮತ್ತೆ ಎಲೆಯ ಕಡೆ ತಿರುಗುತ್ತವೆ ಅನ್ನುವುದೂ ತಿಳಿದಿತ್ತು.

‘ನಾನಲ್ಲ ಸಾರ್. ಆದ್ರೆ ಅವಳು ನನ್ನ ಗೆಳತಿ. ಕುಣಿಗಲ್‌ನ ವಿಶಾಲಾಕ್ಷಿ’ ಅಂದೆ.

ಅಲ್ಲಿಗೂ ನಿಲ್ಲಿಸಲಿಲ್ಲ. ಅವರು ಒಂದು ಕೇಳಿದರೆ ನಾನು ನಾಲ್ಕು ಹೇಳಿದೆ. ಗಂಗಮ್ಮ ಯಾರು ಅಂತ ಹೇಳಿದೆ. ಎಣ್ಣೆ ಬಾಟಲಿಯ ಗೆರೆ ಹೇಳಿದೆ. ಪಾಪ, ಆ ಮುದುಕಿ ಪ್ರತಿ ಗುರುವಾರ ತನ್ನ ಕಥೆಯನ್ನೇ ಓದಿಸಿಕೊಂಡು ತನಗೇ ಬೈದುಕೊಳ್ಳುತ್ತಾಳೆ ಅಂತ — ಪುಟ್ಟತಾಯಮ್ಮನವರ ದನಿ ತೆಗೆದು ಹೇಳಿದೆ. ಪಂಕ್ತಿಯೇ ನಕ್ಕಿತು. ಸಂಪಾದಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗೆರೆ ಅಳಿಸಿಹೋದದ್ದನ್ನು, ತಲೆಗೆ ಎಣ್ಣೆ ಹಚ್ಚಿದ್ದನ್ನು ಹೇಳಲಿಲ್ಲ. ಅದರಲ್ಲಿ ನಗು ಇರಲಿಲ್ಲ.

‘ಇದು ನಮ್ಮೊಳಗೇ ಇರಲಿ ಸಾರ್’ ಅಂದದ್ದು ಕೊನೆಗೆ. ‘ಅಯ್ಯೋ, ಅದಕ್ಕೇನಂತೆ’ ಅಂದರು ಅವರು. ಪಕ್ಕದಲ್ಲಿ ಕೂತಿದ್ದ ಉಪಸಂಪಾದಕ ಎಡಗೈಯಿಂದ ಪುಟ್ಟ ಪುಸ್ತಕದಲ್ಲಿ ಏನೋ ಗೀಚಿಕೊಳ್ಳುತ್ತಿದ್ದ. ನಾನು ನೋಡಿದೆ. ಬರೀಬೇಡಿ ಅನ್ನಲಿಲ್ಲ. ಸಂಪಾದಕರು ನನ್ನ ಹಾಳೆಗಳನ್ನು ಮಡಿಸಿ ಜುಬ್ಬಾದ ಜೇಬಿಗೆ ಹಾಕಿಕೊಂಡಿದ್ದರು. ನನ್ನ ಕಣ್ಣೆಲ್ಲ ಆ ಜೇಬಿನ ಮೇಲಿತ್ತು.

ಸಮಾವೇಶ ಮುಗಿದ ಎರಡನೇ ಗುರುವಾರ ಬೆಳಿಗ್ಗೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡು ನಿಂತಲ್ಲೇ ಬಿಡಿಸಿದೆ. ಸಮಾವೇಶದ ವರದಿ, ಅದರ ಮಧ್ಯೆ ಚೌಕಟ್ಟು ಹಾಕಿದ ಒಂದು ಬಾಕ್ಸು. ನಿನ್ನ ಹೆಸರು, ಕುಣಿಗಲ್, ಗಂಗಮ್ಮ, ಎಣ್ಣೆ ಬಾಟಲಿ — ನಾನು ಹೇಳಿದ್ದೆಲ್ಲ ಇತ್ತು. ಹೇಳಿದವಳ ಹೆಸರು ಮಾತ್ರ ಇರಲಿಲ್ಲ, ‘ಆಪ್ತರೊಬ್ಬರು’ ಅಂತಿತ್ತು. ಅದನ್ನು ಓದಿ ನನಗೆ ಮೊದಲು ಬಂದದ್ದು ಭಯವಲ್ಲ, ಸಮಾಧಾನ. ಇದನ್ನೂ ನಿನಗೆ ಹೇಳಲೇಬೇಕು.

ಸ್ಕೂಲಿಗೆ ಹೋಗಲಿಲ್ಲ. ತುಮಕೂರಿಗೆ ಬಂದು ಕುಣಿಗಲ್ ಬಸ್ ಹತ್ತಿದೆ. ನಿಮ್ಮತ್ತೆ ಓದಿಸಿಕೊಳ್ಳುವುದು ಊಟವಾದ ಮೇಲೆ; ಅಷ್ಟರೊಳಗೆ ಮುಟ್ಟಿ ಆ ಸಂಚಿಕೆಯನ್ನು ಹೇಗಾದರೂ ಮರೆಮಾಡಬೇಕು ಅಂತಿತ್ತು. ಹೆಬ್ಬೂರಿನಲ್ಲಿ ಬಸ್ಸು ಪಂಕ್ಚರ್ ಆಯಿತು. ಎಲ್ಲರೂ ಇಳಿದು ಮರದ ನೆರಳಲ್ಲಿ ನಿಂತರು. ಎರಡು ಬಸ್ಸು ತುಂಬಿ ಬಂದವು, ನಿಲ್ಲಿಸಲಿಲ್ಲ. ನಾನು ರಸ್ತೆ ಮಧ್ಯಕ್ಕೇ ಹೋಗಿ ಕೈ ಅಡ್ಡ ಹಿಡಿದೆ. ‘ಸಾಯೋಕ್ ಬಂದಿದೀಯೇನಮ್ಮಾ?’ ಅಂತ ಒಬ್ಬ ಡ್ರೈವರ್ ಬೈದು ಹೋದ.

ನಮ್ಮ ಬಸ್ಸೇ ಟೈರು ಬದಲಿಸಿಕೊಂಡು ಹೊರಟು, ಊಟದ ಹೊತ್ತು ಮೀರಿದ ಮೇಲೆ ನಾನು ನಿಮ್ಮ ಮನೆಯ ಜಗುಲಿ ಹತ್ತಿದಾಗ ಒಳಗಿನಿಂದ ಓದುವ ದನಿ ಕೇಳುತ್ತಿತ್ತು. ನಿನ್ನದಲ್ಲ. ಎದುರುಮನೆ ಪಂಕಜ, ನಿನಗಿಂತ ಮೊದಲೇ ಪತ್ರಿಕೆ ತಂದು, ‘ಅಜ್ಜೀ, ನಿಮ್ಮ ಸುದ್ದಿ ಬಂದದೆ’ ಅಂತ ಖುಷಿಯಿಂದ ಓದುತ್ತಿದ್ದಳು. ನೀನು ಅಡಿಗೆಮನೆ ಬಾಗಿಲಲ್ಲಿ ಒದ್ದೆ ಕೈಯಲ್ಲಿ ನಿಂತಿದ್ದೆ. ಪಂಕಜ ಅರ್ಧದಲ್ಲೇ ತಡವರಿಸಿ ನಿಲ್ಲಿಸಿದಳು.

‘ಓದವ್ವ’ ಅಂದರು ಪುಟ್ಟತಾಯಮ್ಮ. ‘ಇನ್ನೊಂದ್ ಕಿತ ಓದು.’

ಅವಳು ಮತ್ತೆ ಓದಿದಳು. ಮುಗಿದ ಮೇಲೆ ಅವರು ನಿನ್ನ ಕಡೆ ತಿರುಗಿದರು. ಕೂಗಲಿಲ್ಲ, ಬೈಯಲಿಲ್ಲ.

‘ಅಂದ್ರೆ ಇಷ್ಟು ದಿನ ನಾನು ಬೈತಿದ್ದಿದ್ದು ನನ್ನನ್ನೇನಾ ವಿಶಾಲಾಕ್ಷಿ? ನೀನು ಎದುರಿಗೆ ಕೂತ್ಕಂಡು ನೋಡ್ತಿದ್ಯಾ?’

ನೀನು ‘ಅತ್ತೇ’ ಅಂದೆ, ಅಷ್ಟೇ. ಅವರು ಎಲೆಅಡಿಕೆ ತಟ್ಟೆ ಎತ್ತಿಕೊಂಡು ಎದ್ದು ಹೋದರು. ಆಮೇಲೆ ಇನ್ನೂ ಮೂರು ವರ್ಷ ಬದುಕಿದ್ದರು. ನಿನ್ನ ಕೈಯ ಅನ್ನ ಉಂಡರು, ಕಾಯಿಲೆ ಬಿದ್ದಾಗ ನಿನ್ನ ಕೈಯಲ್ಲೇ ಮೈ ತೊಳೆಸಿಕೊಂಡರು. ನಿನ್ನ ಜೊತೆ ಒಂದು ಮಾತು ಆಡಲಿಲ್ಲ. ನೀನು ಮುಂದಿನ ಕಂತು ಬರೆಯಲಿಲ್ಲ, ಮತ್ತೆ ಏನನ್ನೂ ಬರೆಯಲಿಲ್ಲ.

ಆದರೆ ನನ್ನ ದೊಡ್ಡ ತಪ್ಪು ಅದಲ್ಲ. ಅದೇ ದಿನ ಸಂಜೆ ಹಿತ್ತಲಲ್ಲಿ ನೀನು ನನ್ನ ಎರಡೂ ಕೈ ಹಿಡಿದುಕೊಂಡು ಕೇಳಿದೆ. ‘ಯಾರು ಹೇಳಿದ್ದು ಲಲಿತ? ನಿನ್ನ ಬಿಟ್ರೆ ಜಬ್ಬಾರ್ ಸಾಬ್ರಿಗೆ ಮಾತ್ರ ಗೊತ್ತಿತ್ತು...’ ನಿನ್ನ ಕಣ್ಣಲ್ಲಿ ನನ್ನ ಮೇಲೆ ಒಂದಿಷ್ಟೂ ಅನುಮಾನವಿರಲಿಲ್ಲ. ಆಗ ನಾನು ಹೇಳಿದೆ — ‘ಅವರು ಅಲ್ಲಿಗೆ ಬಂದಿದ್ರು ಕಣೇ. ಸಂಪಾದಕರ ಹತ್ರ ಏನೋ ಮಾತಾಡ್ತಾ ನಿಂತಿದ್ರು.’

ಮಾರನೆಯ ದಿನದಿಂದ ನೀನು ಆ ಅಂಗಡಿಯ ಕಡೆ ಹೋಗಲಿಲ್ಲ. ನಿನ್ನ ಯಜಮಾನರು ಹೋಗಿ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಎದುರು ಅವರಿಗೆ ಬಾಯಿಗೆ ಬಂದಂತೆ ಅಂದು ಬಂದರು.

ಒಂದು ತಿಂಗಳಾದ ಮೇಲೆ ಜಬ್ಬಾರ್ ಸಾಹೇಬರು ಗುಬ್ಬಿಗೆ, ನನ್ನ ಸ್ಕೂಲಿಗೇ ಬಂದರು. ಆ ಬಿಸಿಲಲ್ಲೂ ಒಳಗೆ ಬರಲಿಲ್ಲ, ಗೇಟಿನ ಹತ್ತಿರವೇ ನಿಂತರು. ‘ಟೀಚರಮ್ಮ, ನಾನು ಹೇಳಿಲ್ಲ. ಆಯಮ್ಮ ನನ್ನ ಮಾತು ಕೇಳಲ್ಲ, ನಿಮ್ಮ ಮಾತು ಕೇಳ್ತಾರೆ. ನೀವಾದ್ರೂ ಒಂದು ಮಾತು ಹೇಳಿ’ ಅಂದರು. ಹಾಗೆ ಹೇಳುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು. ಗೊತ್ತಾಗಿತ್ತೋ ಏನೋ — ಗೊತ್ತಾಗಿದ್ದರೂ ಬಾಯಿಬಿಟ್ಟು ಹೇಳುವ ಮನುಷ್ಯ ಅವರಲ್ಲ. ‘ಹೇಳ್ತೀನಿ ಸಾಹೇಬ್ರೇ’ ಅಂದೆ. ಅವರು ಕೈ ಮುಗಿದು ಹೋದರು. ನಾನು ಹೇಳಲಿಲ್ಲ. ಆ ವರ್ಷದ ಕೊನೆಗೆ ಅಂಗಡಿ ಬಿಟ್ಟು ತುಮಕೂರಿಗೆ ಹೋದರು ಅಂತ ನೀನೇ ಕಾಗದ ಬರೆದಿದ್ದೆ — ‘ಹೋದ್ರೆ ಹೋಗ್ಲಿ’ ಅಂತ.

ನನ್ನ ಆ ಅಧ್ಯಾಯವನ್ನು ಪತ್ರಿಕೆಯವರು ಸಣ್ಣ ಕಥೆಯಾಗಿ ಮಾಡಿ ಅಚ್ಚು ಹಾಕಿದರು. ಅದೇ ಮೊದಲು, ಅದೇ ಕೊನೆ. ನಿನಗೆ ಅದನ್ನು ತೋರಿಸಲಿಲ್ಲ. ನೀನು ಆ ಪತ್ರಿಕೆ ಓದುವುದನ್ನೇ ಬಿಟ್ಟಿದ್ದೆ.

ನೂರು ಸಲ ಹೇಳಬೇಕೆಂದು ಹೊರಟಿದ್ದೇನೆ. ನಿನ್ನತ್ತೆ ತೀರಿಕೊಂಡ ದಿನ, ‘ಕೊನೆಗೂ ಮಾತಾಡ್ಲಿಲ್ಲ ಕಣೇ’ ಅಂತ ನೀನು ನನ್ನ ಹೆಗಲ ಮೇಲೆ ಅತ್ತಾಗ ಹೇಳಲು ಬಾಯಿ ತೆರೆದಿದ್ದೆ. ಆದರೆ ಅವತ್ತು ನಿನಗೆ ಆ ಹೆಗಲು ಬೇಕಾಗಿತ್ತು ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ನೀನು ಬೇಕಾಗಿದ್ದೆ.

ಹೋದ ವಾರ ತುಮಕೂರಿಗೆ ಹೋಗಿದ್ದೆ. ಜಬ್ಬಾರ್ ಸಾಹೇಬರು ಇಲ್ಲ, ತೀರಿಕೊಂಡು ಬಹಳ ವರ್ಷವಾಯಿತಂತೆ. ಮಗಳು ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ. ಅವಳಿಗೆ ಎಲ್ಲವನ್ನೂ ಹೇಳಿದೆ. ಮಷೀನು ನಿಲ್ಲಿಸಿ ಕೇಳಿದಳು. ಕೊನೆಗೆ, ‘ಇದನ್ನ ಅಬ್ಬಾ ಇದ್ದಾಗ ಯಾಕೆ ಹೇಳ್ಲಿಲ್ಲ ಆಂಟಿ?’ ಅಂದಳು. ಮತ್ತೆ ಹೊಲಿಯಲು ಶುರು ಮಾಡಿದಳು. ನಾನು ಎದ್ದು ಬಂದೆ.

ಇದನ್ನು ಪೋಸ್ಟಿಗೆ ಹಾಕುವುದಿಲ್ಲ. ನಾಳೆ ನಾನೇ ತಂದು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೆ ಕೂರುತ್ತೇನೆ. ಓದಿದ ಮೇಲೆ ‘ಎದ್ದು ಹೋಗು’ ಅಂದರೆ ಹೋಗುತ್ತೇನೆ. ಏನೂ ಅನ್ನದೆ ಸುಮ್ಮನಿದ್ದರೂ — ಅದಕ್ಕೂ ತಯಾರಾಗಿ ಬರುತ್ತಿದ್ದೇನೆ.