ಹತ್ತಿಯಕ್ಕನ ತೆಪ್ಪ

ಬೆಳಕು ಹರಿಯುವ ಹೊತ್ತಿಗೆ ಮರ ಒಣಗಿಸುವ ಗೂಡಿನ ಕಬ್ಬಿಣದ ಬಾಗಿಲು ತೆರೆದುಕೊಳ್ಳುತ್ತದೆ. ಬಿಸಿಗಾಳಿ ಮುಖಕ್ಕೆ ರಾಚುತ್ತದೆ. ಅದರ ಹಿಂದೆಯೇ, ತಮಗಿಂತ ಉದ್ದದ, ತೊಡೆಗಾತ್ರದ ತೊಲೆಯೊಂದನ್ನು ಒಂದೇ ಹೆಗಲ ಮೇಲಿಟ್ಟುಕೊಂಡು ಹೆಂಗಸೊಬ್ಬರು ಹೊರಬರುತ್ತಾರೆ. ಏದುಸಿರಿಲ್ಲ, ಕಾಲು ತಡವರಿಸುವುದಿಲ್ಲ. ನೋಡುತ್ತ ನಿಂತವರ ಬೆನ್ನೇ ತಾನಾಗಿ ಬಗ್ಗುತ್ತದೆ, ಹೊತ್ತವರದು ನೆಟ್ಟಗಿರುತ್ತದೆ.

ತೊಲೆಯನ್ನು ಹತ್ತಿಯಂತೆ ಹೊರುವ ಅವರು ನದಿದಂಡೆಯ ಈ ಮಿಲ್ಲಿನಲ್ಲಿ ಎಲ್ಲರಿಗೂ ಹತ್ತಿಯಕ್ಕ. ಒಣಗಿಸುವುದು ಬಾಲ್ಸಾ ಮರ. ಬೆಂಡಿನಂತೆ ಹಗುರ, ಉಗುರೊತ್ತಿದರೆ ಗುರುತು ಬೀಳುವಷ್ಟು ಮೆದು. ಆದರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ಗಟ್ಟಿಮರದ ಜಾತಿ. “ಕುಲ ದೊಡ್ಡದು, ಮೈ ಮೆತ್ತಗೆ. ನಮ್ಮತ್ತೆಯದು ಎರಡೂ ಗಟ್ಟಿ,” ಎಂದು ಹತ್ತಿಯಕ್ಕ ನಗುತ್ತಾರೆ.

ಈ ಹಗುರತನ ಮರದ ಹುಟ್ಟುಗುಣವಲ್ಲ. ಆಗತಾನೇ ಕಡಿದ ಬಾಲ್ಸಾ, ನೆನೆದ ಗೋಣಿಯಂತೆ ನೀರು ಕುಡಿದು ಭಾರವಾಗಿರುತ್ತದೆ. ಗೂಡಿಗೆ ಹಾಕಲು ತಡವಾದರೆ ಬೂಷ್ಟು ಹಿಡಿಯುತ್ತದೆ. ಆತುರಪಟ್ಟು ಶಾಖ ಏರಿಸಿದರೆ ಹೊರಗೆ ಬಿರುಕು, ಒಳಗೆ ಹಸಿ. ಹದ ಕಾಯುವುದೇ ಅವರ ಕೆಲಸ. ಮರ ಕಡಿಯುತ್ತಿದ್ದ ಗಂಡ ಜ್ವರದಲ್ಲಿ ತೀರಿಕೊಂಡಾಗ ಮಗಳು ತೊಟ್ಟಿಲಲ್ಲಿದ್ದಳು. ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಗೂಡಿನ ಮುಂದೆ ನಿಂತವರು ಇಂದಿಗೂ ಅಲ್ಲೇ ಇದ್ದಾರೆ. ಅವರ ಕೈದಾಟಿದ ಮರ ದೋಣಿಗಳ ಒಡಲಿಗೆ, ಆಟದ ವಿಮಾನಗಳಿಗೆ, ಗಾಳಿಯಂತ್ರಗಳ ರೆಕ್ಕೆಯ ತಿರುಳಿಗೆ ಹೋಗುತ್ತದೆ.

ಒಮ್ಮೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಆ ವರ್ಷ ಮಟಮಟ ಮಧ್ಯಾಹ್ನ ನದಿ ದಡ ಮೀರಿತು. ಮಿಲ್ಲು ದಿಬ್ಬದ ಮೇಲಿತ್ತು, ಕೆಲಸಗಾರರ ಸಾಲುಮನೆಗಳು ತಗ್ಗಿನಲ್ಲಿ. ಕಟ್ಟಿದ್ದ ದೋಣಿಗಳು ಕೊಚ್ಚಿಹೋಗಿದ್ದವು. ಗಂಡಸರು ಅಂಗಳದ ಹಸಿ ದಿಮ್ಮಿಗಳನ್ನು ನೀರಿಗುರುಳಿಸಿದರೆ, ಅವು ಅರ್ಧ ಮುಳುಗಿ ತೂಗಾಡಿದವು. ಹತ್ತಿಯಕ್ಕ ಗೂಡಿನ ಬಾಗಿಲು ತೆರೆದರು. ಗಾಳಿಯಂತ್ರಕ್ಕೆಂದು ಒಣಗಿ ನಿಂತ ತೊಲೆಗಳೆಲ್ಲ ಹೊರಬಂದವು. ಮ್ಯಾನೇಜರು ಬೇಡವೆನ್ನಲಿಲ್ಲ, ತಾವೇ ಹಗ್ಗ, ಟಾರ್ಪಾಲು ಹೊತ್ತು ತಂದರು. ಒಣಮರ ನೀರು ಹೀರದಂತೆ ಟಾರ್ಪಾಲು ಸುತ್ತಿ ತೆಪ್ಪ ಬಿಗಿದರು. ಗರಗಸದಾಳನ್ನು ಜೊತೆಗೆ ಕರೆದುಕೊಂಡು ಹತ್ತಿಯಕ್ಕ ತೆಪ್ಪ ಹತ್ತಿದರು.

ಮೊದಲು ಸಿಕ್ಕಿದ್ದು ಅವರದೇ ಮನೆ. ಬುತ್ತಿ ತಂದಿದ್ದ ಮಗಳು ಮಿಲ್ಲಿನಲ್ಲೇ ಉಳಿದಿದ್ದಳು. ಕಾಲು ಸ್ವಾಧೀನವಿಲ್ಲದ ಅತ್ತೆ, ನೆರೆಯವರು ಮಂಚದ ಮೇಲೆ ಮೇಜಿಟ್ಟು ಕೂರಿಸಿದಲ್ಲೇ ಕಿಟಕಿಯ ಸರಳು ಹಿಡಿದು ಕೂತಿದ್ದರು. ಪಕ್ಕದ ಮನೆಯ ಕುಸಿಯುತ್ತಿದ್ದ ಮಾಡಿನ ಮೇಲೆ ಹಸುಗೂಸಿನೊಂದಿಗೆ ಬಾಣಂತಿ, ಅವಳ ತಾಯಿ, ತಂಗಿಯರು. ಎಲ್ಲರಿಗೂ ತೆಪ್ಪದಲ್ಲಿ ಜಾಗವಿರಲಿಲ್ಲ. ಅತ್ತೆಯೇ ತೀರ್ಮಾನ ಕೊಟ್ಟರು: “ಮೊದಲು ಆ ಕೂಸನ್ನ ದಾಟಿಸು. ನಾನೇನು ಎಲ್ಲಿಗೂ ಓಡಿಹೋಗಲ್ಲ.”

“ತೆಪ್ಪ ತಿರುಗಿಸುವಾಗ ಅವರ ಮುಖ ನೋಡ್ಲಿಲ್ಲ,” ಎನ್ನುತ್ತಾರೆ ಹತ್ತಿಯಕ್ಕ. “ನೋಡಿದ್ರೆ ಕೈ ಆಡ್ತಿರ್ಲಿಲ್ಲ.”

ಮರಳಿ ಬರುವಷ್ಟರಲ್ಲಿ ನೀರು ಅತ್ತೆಯ ಗದ್ದ ಮುಟ್ಟಿತ್ತು. ಗರಗಸದಾಳು ಬಾಗಿಲಿನಿಂದ ಮುಳುಗಿ ಒಳಹೊಕ್ಕು ಅವರನ್ನು ಎಳೆದು ತಂದ. ನೀರು ಕಕ್ಕಿ, ಉಸಿರು ಹತೋಟಿಗೆ ಬಂದ ಮೇಲೆ ಮುದುಕಿ ಕೇಳಿದ್ದು ಒಂದೇ ಮಾತು: ಕೂಸು ಅಳ್ತಿದೆಯಾ? ಅಳುತ್ತಿದೆ ಎಂದಾಗ ಕಣ್ಣು ಮುಚ್ಚಿ ನಿಟ್ಟುಸಿರಿಟ್ಟರು. ಇಳಿಹೊತ್ತಿನ ತನಕ ತೆಪ್ಪ ಹೋಗಿಬಂದು ಮಾಡಿತು. ಮನೆಗಳು ಹೋದವು, ಪಾತ್ರೆಪಗಡ ಹೋಯಿತು. ಒಂದು ಜೀವವೂ ಹೋಗಲಿಲ್ಲ. ಆಮೇಲೆ ಅತ್ತೆ ಬಹಳ ವರ್ಷ ಬಾಳಿ, ಸೊಸೆಯನ್ನು ಗದರಿಸುತ್ತಲೇ, ಹಾಸಿಗೆಯಲ್ಲಿ ನಿದ್ದೆಹೋದಂತೆ ಹೋದರು.

ಅಷ್ಟು ಸೆಳವಿನಲ್ಲಿ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದರೆ ಹತ್ತಿಯಕ್ಕ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾರೆ. ಪಕ್ಕದಲ್ಲಿ ತೊಲೆ ಜೋಡಿಸುತ್ತಿದ್ದ ಮಗಳು, ಅಮ್ಮನಿಗೆ ಈಜೇ ಬರುವುದಿಲ್ಲ ಎಂಬ ಗುಟ್ಟನ್ನು ರಟ್ಟು ಮಾಡುತ್ತಾಳೆ.

“ಅವತ್ತು ಅದನ್ನ ಯೋಚಿಸೋಕೆ ಪುರುಸೊತ್ತೇ ಸಿಗ್ಲಿಲ್ಲ,” ಎನ್ನುತ್ತಾರೆ ತಾಯಿ, ತುಸು ನಾಚಿ. “ಈಗ ಕಲೀಬೇಕು ಅಂತ ಆಸೆ. ಮೊಣಕಾಲು ಮುಳುಗೋವರೆಗೂ ಇಳಿತೀನಿ. ಆಮೇಲೆ ಭಯ ಆಗುತ್ತೆ.”